ಶಿಫ್ಟ್ ಆಗೋದು, ಶಿಫ್ಟ್ ಮಾಡೋದು

ಆಷಾಢ ಮುಗೀತು ಅಂದ್ರೆ ನಮ್ಮ ಚಿಕ್ಕಲಸಂದ್ರದ ರಸ್ತೆಗಳಲ್ಲಿ ಟೆಂಪೋಗಳ ಜಾತ್ರೆ. ಒಂದು ತಿಂಗಳು ತಡೆದುಕೊಂಡವರೆಲ್ಲ ಒಟ್ಟಿಗೇ ಮನೆ ಬದಲಾಯಿಸ್ತಾರೆ. ಬಿಚ್ಚಿದ ಮಂಚ, ಹಳೇ ಬೆಡ್‌ಶೀಟಿನಲ್ಲಿ ಕಟ್ಟಿದ ಪಾತ್ರೆ ಗಂಟು, ಕಾಲು ಮೇಲಾದ ಕುರ್ಚಿ, ಇಷ್ಟರ ಮಧ್ಯೆ ತುಳಸಿ ಕುಂಡ ತಬ್ಬಿಕೊಂಡು ಕೂತ ಒಬ್ಬ ಹುಡುಗ. ಕಾಂಪೌಂಡಿನ ಆಚೆಯಿಂದ "ಶಿಫ್ಟಿಂಗಾ?" ಅಂತ ಕೇಳಿದ್ರೆ "ಹ್ಞೂ ರೀ, ಶಿಫ್ಟಿಂಗು" ಅಂತ ಉತ್ತರ ಬರುತ್ತೆ. "ಬಿಡಾರ ಎತ್ತಿದ್ರಾ?" ಅಂತ ಕೇಳೋರು ನಮ್ಮ ಬೀದೀಲಿ ಈಗ ನಮ್ಮಮ್ಮ ಒಬ್ಬಳೇ.

ಮನೆ ಸಾಮಾನಿಗೆ ಮಾತ್ರ ಈ ಪದ ಅಂದ್ಕೋಬೇಡಿ. ನನ್ನ ಮಗಳು ಹದಿನೈದು ದಿನಕ್ಕೊಮ್ಮೆ ನೈಟ್ ಶಿಫ್ಟ್ ಅಂತಾಳೆ. ಚಿಕ್ಕಮ್ಮನ್ನ ಆಸ್ಪತ್ರೆಗೆ ಸೇರಿಸಿದ್ದಾಗ ನರ್ಸ್ ಬಂದು "ಐಸಿಯೂನಿಂದ ವಾರ್ಡಿಗೆ ಶಿಫ್ಟ್ ಮಾಡ್ತೀವಿ" ಅಂದಾಗ ನಾವೆಲ್ಲ ಕಾರಿಡಾರಿನಲ್ಲೇ ಕೈ ಮುಗಿದ್ವಿ. ಕಂಪ್ಯೂಟರಿನಲ್ಲಿ ಒಂದು ಶಿಫ್ಟ್ ಕೀ. ಪೇಪರಿನವರು ರಾತ್ರಿ ಪಾಳಿ ಅಂತ ಬರೀತಾರೆ, ಸರ್ಕಾರದವರು ಸ್ಥಳಾಂತರ ಅಂತಾರೆ, ನೌಕರಿಯವರಿಗೆ ವರ್ಗಾವಣೆ. ಕನ್ನಡದಲ್ಲಿ ಇಷ್ಟು ಪದ ಬೇಕಾಗೋ ಕಡೆ ಇಂಗ್ಲಿಷಿನವರು ಒಂದೇ ಪದದಲ್ಲಿ ಹೇಗೆ ಸಂಸಾರ ಮಾಡ್ತಾರೆ ಅಂತ ನನಗೆ ಕುತೂಹಲ. ಅದಕ್ಕೇ ದೊಡ್ಡ ಡಿಕ್ಷನರಿ ಹಿಡಿದು ಕೂತೆ. ಕೂರೋಕೆ ಇನ್ನೊಂದು ಕಾರಣವೂ ಇತ್ತು, ಅದು ಮುಂದೆ ಬರುತ್ತೆ.

ಪದಗಳು ಸವೆದು ಸವೆದು ಬೇರೇನೋ ಆಗೋದು ನಮಗೇನು ಹೊಸದಲ್ಲ. ನಮ್ಮ ಚಿಕ್ಕಲಸಂದ್ರ, ಆ ಕಡೆ ಬೊಮ್ಮಸಂದ್ರ, ಸಿಂಗಸಂದ್ರ, ಇಲ್ಲೆಲ್ಲ ಬರೋ ಸಂದ್ರ ಅಂದ್ರೆ ಸಮುದ್ರ, ಅಂದ್ರೆ ಕೆರೆ. ಈಗ ಸಂದ್ರ ಅಂದ್ರೆ ಸೈಟು, ಅಪಾರ್ಟ್‌ಮೆಂಟು, ಟ್ಯಾಂಕರ್ ನೀರು. ಶಿಫ್ಟ್ ಕಥೆಯೂ ಹೀಗೇ. ಅದು ಹಳೇ ಇಂಗ್ಲಿಷಿನ ಶಿಫ್ಟಾನ್ ಅನ್ನೋ ಪದ. ಅದರ ಅರ್ಥ ಸಾಗಿಸೋದು ಅಲ್ಲವೇ ಅಲ್ಲ. ಹಂಚೋದು, ಪಾಲು ಮಾಡೋದು, ಒಪ್ಪವಾಗಿ ವಿಂಗಡಿಸಿ ಇಡೋದು! ಪಾಲು ಮಾಡಿದ ಮೇಲೆ ವಸ್ತು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬದಲಾಗುತ್ತಲ್ಲ, ಹಾಗೆ ಬದಲಾಯಿಸು ಅನ್ನೋ ಅರ್ಥ ಬಂತು. ಬದಲಾಗಿದ್ದು ಜಾಗವನ್ನೂ ಬದಲಾಯಿಸುತ್ತೆ. ಹೀಗೆ ನಿಧಾನವಾಗಿ ಅಲುಗಿ, ಸರಿದು, ಕೊನೆಗೆ ನಮ್ಮ ಬೀದಿ ಟೆಂಪೋ ಹತ್ತಿ ಕೂತಿದೆ.

ಇಂಗ್ಲೆಂಡನ್ನ ಕನೂಟ್ ಅನ್ನೋ ರಾಜ ಆಳ್ತಿದ್ದ, 1016ರಿಂದ 1035ರ ತನಕ. ಅವನ ಕಾನೂನಿನಲ್ಲಿ ಒಂದು ಕಟ್ಟಳೆ ಇದೆ. ಯಾರಾದರೂ ವಿಲ್ ಬರೆಯದೆ ಸತ್ತರೆ, ಅವನ ಆಸ್ತಿಯನ್ನ ಹೆಂಡತಿಗೆ, ಮಕ್ಕಳಿಗೆ, ಹತ್ತಿರದ ನೆಂಟರಿಗೆ ಅವರವರಿಗೆ ಸಲ್ಲಬೇಕಾದಷ್ಟು ನ್ಯಾಯವಾಗಿ ಹಂಚಬೇಕು ಅಂತ. ಅಲ್ಲಿ ಹಂಚೋದಕ್ಕೆ ಬಳಸಿರೋದು ಇದೇ ಶಿಫ್ಟ್ ಪದ. ಸಾವಿರ ವರ್ಷದ ಹಿಂದೆ ಹೆಂಡತಿ ಹೆಸರು ಮೊದಲು ಬಂದಿದೆ ನೋಡಿ, ಅದೊಂದು ನನಗೆ ಖುಷಿ. ಡೆನ್ಮಾರ್ಕಿನಲ್ಲಂತೂ ಸತ್ತವರ ಆಸ್ತಿ ವಿಲೇವಾರಿ ನೋಡೋ ಕೋರ್ಟಿನ ಹೆಸರು ಇವತ್ತಿಗೂ ಈ ಪದದ ಅಕ್ಕತಂಗಿ ಪದದಿಂದಲೇ ಆಗಿರೋದು. ಅಲ್ಲಿ ಇನ್ನೂ ಪಾಲಿನ ಅರ್ಥ ಉಳಿದಿದೆ, ಇಂಗ್ಲಿಷಿನಲ್ಲಿ ಸವೆದು ಹೋಗಿದೆ.

ಕಾರ್ಖಾನೆ ಶಿಫ್ಟ್ ಬಂದಿದ್ದು ಆಮೇಲೆ, ಸುಮಾರು ಇನ್ನೂರು ವರ್ಷದ ಹಿಂದೆ, ಗಣಿಗಳಿಂದ. ಒಂದು ಗುಂಪು ಮೇಲೆ ಬಂದರೆ ಇನ್ನೊಂದು ಗುಂಪು ಕೆಳಗಿಳಿಯಬೇಕು. ದಿನವನ್ನ ಜನರ ಮಧ್ಯೆ ಪಾಲು ಹಾಕೋದು ಅನ್ನಿ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲೂ 2001ರಲ್ಲಿ ಮುಚ್ಚೋ ತನಕ ಊರಿನ ನಿದ್ದೆ ಊಟ ಎಲ್ಲ ಶಿಫ್ಟಿನ ಸೈರನ್ ಪ್ರಕಾರವೇ.

ನಾನು ಬೆಳೆದಿದ್ದೂ ಇಂಥದೇ ಮನೇಲಿ. ಅಪ್ಪ ಜಾಲಹಳ್ಳಿ ಎಚ್‌ಎಂಟಿಯಲ್ಲಿದ್ದರು. ಆ ಕಾರ್ಖಾನೆ ಶುರುವಾಗಿದ್ದು 1953ರಲ್ಲಿ, ಮೊದಲು ಯಂತ್ರಗಳನ್ನ ಮಾಡೋದಕ್ಕೆ; ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಕೈಗಡಿಯಾರ ಮಾಡಿದ್ದು 1961ರಿಂದ. ಊರಿಗೆಲ್ಲ ಟೈಮ್ ತೋರಿಸೋ ಕಾರ್ಖಾನೆ, ನಮ್ಮನೇಲಿ ಮಾತ್ರ ಟೈಮೇ ಇರ್ತಿರಲಿಲ್ಲ. ಫಸ್ಟ್ ಶಿಫ್ಟ್ ವಾರ ಬಂದ್ರೆ ಅಮ್ಮ ನಾಲ್ಕಕ್ಕೆ ಎದ್ದು ಡಬ್ಬಿ ಕಟ್ಟಬೇಕು. ಸೆಕೆಂಡ್ ಶಿಫ್ಟಾದರೆ ರಾತ್ರಿ ಹನ್ನೊಂದೂವರೆಗೆ ಸಾರು ಬಿಸಿ ಮಾಡಿಕೊಂಡು ಕೂತಿರಬೇಕು. ಥರ್ಡ್ ಶಿಫ್ಟ್ ವಾರ ನಮಗೆ ಮಕ್ಕಳಿಗೆ ಶಿಕ್ಷೆ. ಅಪ್ಪ ಹಗಲು ಮಲಗ್ತಿದ್ರು, ರೇಡಿಯೋ ಹಾಕೋ ಹಾಗಿಲ್ಲ, ಹಜಾರದಲ್ಲಿ ಕುಂಟೆಬಿಲ್ಲೆ ಇಲ್ಲ. ಅಮ್ಮ ಆ ವಾರ ಒರಳಿನಲ್ಲಿ ರುಬ್ಬೋ ಚಟ್ನಿ ಮಾಡ್ತಿರಲಿಲ್ಲ. ಕುಕ್ಕರ್ ಬಂದ ಹೊಸದರಲ್ಲಿ ಸೀಟಿ ಕೂಗೋಕೆ ಮುಂಚೆ ಓಡಿಹೋಗಿ ಉರಿ ಸಣ್ಣ ಮಾಡ್ತಿದ್ದಳು. ಅಪ್ಪನ ಕಾರ್ಡಿನಲ್ಲಿ ವಾರಕ್ಕೊಂದು ಶಿಫ್ಟ್ ಬರೆದಿರ್ತಿತ್ತು. ಮೂರಕ್ಕೂ ಹಾಜರಿ ಹಾಕಿದವಳು ಅಮ್ಮ.

ಎದುರು ಮನೆ ಆಂಟಿ ಅದೇ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಜೋಡಣೆ ಕೆಲಸ ಮಾಡ್ತಿದ್ದರು. ಅವರಿಗೆ ರಾತ್ರಿ ಶಿಫ್ಟ್ ಇರಲಿಲ್ಲ. 1948ರ ಫ್ಯಾಕ್ಟರಿ ಕಾಯಿದೆ ಪ್ರಕಾರ ಹೆಂಗಸರು ಬೆಳಿಗ್ಗೆ ಆರರಿಂದ ಸಂಜೆ ಏಳರ ಒಳಗೇ ಕೆಲಸ ಮಾಡಬೇಕಿತ್ತು. ಕರ್ನಾಟಕದಲ್ಲಿ 2023ರ ತಿದ್ದುಪಡಿಯಿಂದ ಕಾರ್ಖಾನೆಗಳಲ್ಲೂ ಹೆಂಗಸರು ರಾತ್ರಿ ಕೆಲಸ ಮಾಡಬಹುದು ಅಂತ ಆಗಿದೆ. ಮನೆ ಒಳಗಿನ ರಾತ್ರಿ ಕೆಲಸಕ್ಕೆ ಮಾತ್ರ ಯಾವ ಕಾಲದಲ್ಲೂ ಯಾವ ಕಾಯಿದೆಯೂ ಅಡ್ಡ ಬಂದಿಲ್ಲ ಬಿಡಿ. ಅಮೆರಿಕದಲ್ಲಿ ಆರ್ಲಿ ಹಾಕ್‌ಶೀಲ್ಡ್ ಅನ್ನೋಾಕೆ 1989ರಲ್ಲಿ ಇದರ ಮೇಲೇ ಒಂದು ಪುಸ್ತಕ ಬರೆದರು. ಆಫೀಸಿಂದ ಬಂದ ಮೇಲೆ ಹೆಂಗಸರು ಮನೇಲಿ ಮಾಡೋ ದುಡಿಮೆಗೆ ಅವರು ಕೊಟ್ಟ ಹೆಸರು ಸೆಕೆಂಡ್ ಶಿಫ್ಟ್. ನನಗೆ ಓದಿದ ಕೂಡಲೇ ಹನ್ನೊಂದೂವರೆ ರಾತ್ರಿಯ ಬಿಸಿ ಸಾರಿನ ವಾಸನೆ ಬಂತು.

ಈಗ ನಿಮಗೆ ನಗು ಬರೋ ವಿಷಯ. ಶಿಫ್ಟ್ ಅಂದ್ರೆ ಹೆಂಗಸರ ಒಳಬಟ್ಟೆ ಕೂಡ! ಬದಲಾಯಿಸೋ ಬಟ್ಟೆ, ನಾವು ಬದಲು ಬಟ್ಟೆ ಅಂತೀವಲ್ಲ ಹಾಗೆ. ಮೊದಲು ಅದಕ್ಕೆ ಸ್ಮಾಕ್ ಅಂತಿದ್ರು. ಆ ಪದ ಒರಟು ಅನ್ನಿಸಿ, ಮರ್ಯಾದೆಗೆ ಶಿಫ್ಟ್ ಅಂದ್ರು. ಸ್ವಲ್ಪ ಕಾಲ ಆದ ಮೇಲೆ ಶಿಫ್ಟೂ ನಾಚಿಕೆ ಪದ ಆಯ್ತು, ಫ್ರೆಂಚರ ಶಮೀಸ್ ಬಂತು. 1907ರ ಜನವರಿಯಲ್ಲಿ ಐರ್ಲೆಂಡಿನ ಡಬ್ಲಿನ್ ಊರಿನ ಅಬ್ಬೆ ಥಿಯೇಟರಿನಲ್ಲಿ ಸಿಂಗ್ ಅನ್ನೋರ ಒಂದು ನಾಟಕ ನಡೀತಿತ್ತು. ಜನ ಮೊದಲೇ ಮುನಿಸಿಕೊಂಡಿದ್ದರು. ಪಾತ್ರಧಾರಿ ಬಾಯಲ್ಲಿ ಈ ಶಿಫ್ಟ್ ಪದ ಬಂದದ್ದೇ ತಡ, ಕೂಗಾಟ ಗಲಾಟೆ, ಪೊಲೀಸರು ಬರೋ ತನಕ ಹೋಯ್ತು. ನಾವೂ ಕಮ್ಮಿಯಿಲ್ಲ. ಒಳಲಂಗ ಅನ್ನೋದು ಮುಜುಗರ ಅಂತ ಪೆಟಿಕೋಟ್ ಅಂದ್ವಿ, ಒಣಗಿ ಹಾಕೋವಾಗ ಅದರ ಮೇಲೊಂದು ಟವಲ್ ಹೊದಿಸ್ತೀವಿ. ಇವತ್ತಿಗೂ ನಮ್ಮ ಟೆರೇಸಿನಲ್ಲಿ ಹತ್ತು ಟವಲಿದ್ದರೆ ಆರು ಟವಲ್ ಒಣಗೋಕೆ ಹಾಕಿದ್ದಲ್ಲ.

ಇದೇ ಪದದಿಂದ ಇನ್ನೂ ಎರಡು ಮೂರು ಹುಟ್ಟಿವೆ. ಇದ್ದದ್ದರಲ್ಲೇ ಏನೋ ಒಂದು ಮಾಡಿ ಸುಧಾರಿಸೋದು ಮೇಕ್‌ಶಿಫ್ಟ್. ಅಂಥ ಉಪಾಯ ಇಲ್ಲದ ಸೋಮಾರಿ ಶಿಫ್ಟ್‌ಲೆಸ್. ಶಿಫ್ಟಿ ಅನ್ನೋದು ಒಂದು ಕಾಲಕ್ಕೆ ಹೊಗಳಿಕೆ, ಹೇಗಾದ್ರೂ ನಿಭಾಯಿಸ್ತಾಳೆ ಅಂತ. ಈಗ ಬೈಗುಳ, ನಂಬಬಾರದವನು ಅಂತ. ಜಾಣೆ ಅನ್ನೋದನ್ನ ನಮ್ಮಲ್ಲೂ ಎರಡು ಥರ ಹೇಳಬಹುದಲ್ಲ, ಹಾಗೆ.

ಟೈಪ್‌ರೈಟರಿಗೆ ಶಿಫ್ಟ್ ಕೀ ಬಂದಿದ್ದು 1878ರ ರೆಮಿಂಗ್ಟನ್ ನಂಬರ್ ಎರಡರಲ್ಲಿ. ಅದಕ್ಕೆ ಮುಂಚಿನ ಮಿಷಿನ್ನಿನಲ್ಲಿ ಬರೀ ದೊಡ್ಡ ಅಕ್ಷರ. ಶಿಫ್ಟ್ ಒತ್ತಿದರೆ ನಿಜವಾಗ್ಲೂ ಕಾಗದ ಕೂತಿರೋ ಆ ಭಾರದ ತೊಟ್ಟಿಲೇ ಜಾಗ ಬದಲಾಯಿಸ್ತಿತ್ತು. ಎಸ್ಸೆಸ್ಸೆಲ್ಸಿ ರಜೇಲಿ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋದ ನನ್ನ ವಯಸ್ಸಿನವರಿಗೆ ಗೊತ್ತು, ಕಿರುಬೆರಳು ಸಂಜೆ ಹೊತ್ತಿಗೆ ನೋಯ್ತಿತ್ತು. ಈಗ ಈ ಬರಹವನ್ನ ನುಡಿಯಲ್ಲಿ ಟೈಪ್ ಮಾಡ್ತಿದೀನಿ. ಅಲ್ಲಿ ಒಂದು ಕೀ ಒತ್ತಿದರೆ ಲ, ಶಿಫ್ಟ್ ಹಿಡಿದು ಅದನ್ನೇ ಒತ್ತಿದರೆ ಳ. ಪಾಲು ಅಂತ ಹೊಡೀಬೇಕಾದ ಕಡೆ ಬೆರಳು ಸ್ವಲ್ಪ ಹೆಚ್ಚು ಹೊತ್ತು ಶಿಫ್ಟ್ ಮೇಲೆ ಕೂತ್ರೆ ಪಾಳು ಅಂತ ಬೀಳುತ್ತೆ.

ಈಗ ಡಿಕ್ಷನರಿ ಹಿಡಿದ ಇನ್ನೊಂದು ಕಾರಣಕ್ಕೆ ಬರ್ತೀನಿ.

ನಮ್ಮ ಕನ್ನಡದಲ್ಲಿ ಈ ಪದಕ್ಕೆ ಎರಡು ಬಾಲ ಇದೆ, ಗಮನಿಸಿದೀರಾ? ಶಿಫ್ಟ್ ಆಗು, ಶಿಫ್ಟ್ ಮಾಡು. "ನಾವು ಹೊಸ ಮನೆಗೆ ಶಿಫ್ಟ್ ಆದ್ವಿ" ಅಂತೀವಿ. "ಫ್ರಿಜ್ ಶಿಫ್ಟ್ ಮಾಡಿದ್ವಿ" ಅಂತೀವಿ. ಕಾಲಿದ್ದು ತಾನೇ ಹೋಗೋದಕ್ಕೆ ಆಗು, ಇನ್ನೊಬ್ಬರು ಎತ್ತಿ ಇಡೋದಕ್ಕೆ ಮಾಡು. ಇಂಗ್ಲಿಷಿನವರಿಗೆ ಈ ವ್ಯತ್ಯಾಸ ಇಷ್ಟು ಚೊಕ್ಕವಾಗಿ ಇಲ್ಲ, ನಮಗಿದೆ. ಮೂರು ವರ್ಷದಿಂದ ನಮ್ಮನೇಲಿ ಎಲ್ಲರ ಬಾಯಲ್ಲೂ ಬರೋ ಮಾತು, "ಅಮ್ಮನ್ನ ಶಿಫ್ಟ್ ಮಾಡಬೇಕು."

ಅಪ್ಪ ಹೋದ ಮೇಲೆ ವಿದ್ಯಾರಣ್ಯಪುರದ ಮನೇಲಿ ಅಮ್ಮ ಮೂರು ವರ್ಷ ಒಬ್ಬಳೇ ಇದ್ದಳು. ಸೂರು ಸೋರೋಕೆ ಶುರುವಾಯ್ತು, ಮೆಟ್ಟಿಲು ಹತ್ತೋಕೆ ಆಗ್ತಿರಲಿಲ್ಲ, ರಾತ್ರಿ ಒಬ್ಬಳೇ. ಎಲ್ಲರೂ ಕೂತು ಮಾತಾಡಿ ಮಾರಿದ್ವಿ, ಅಮ್ಮನೂ ಒಪ್ಪಿದಳು. ಅಪ್ಪ ಸ್ವಂತ ದುಡಿಮೇಲಿ ಕಟ್ಟಿದ ಮನೆ, ವಿಲ್ ಇರಲಿಲ್ಲ. ಅಂಥ ಆಸ್ತಿ 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಪ್ರಕಾರ ಹೆಂಡತಿಗೂ, ಗಂಡುಮಕ್ಕಳಿಗೂ, ಹೆಣ್ಣುಮಕ್ಕಳಿಗೂ ಸಮ. ಬಹಳ ಜನ ಹೆಣ್ಣುಮಕ್ಕಳಿಗೆ ಪಾಲು ಬಂದಿದ್ದೇ 2005ರಲ್ಲಿ ಅಂದ್ಕೊಂಡಿದಾರೆ. ಅದು ಪಿತ್ರಾರ್ಜಿತದ ಮಾತು, ಅದೂ ಕರ್ನಾಟಕದಲ್ಲಿ 1994ಕ್ಕೇ ಬಂದಿತ್ತು. ಅಂತೂ ನಾಲ್ಕು ಪಾಲಾಯ್ತು: ಅಮ್ಮ, ಅಣ್ಣ, ನಾನು, ತಮ್ಮ. ಜಗಳ ಇಲ್ಲ, ತಗಾದೆ ಇಲ್ಲ. ಅಮ್ಮನ ಪಾಲು ಅವಳ ಹೆಸರಲ್ಲೇ ಎಫ್‌ಡಿ ಆಯ್ತು. ನೆಂಟರಲ್ಲಿ ಹೇಳ್ಕೊಳ್ಳೋ ಹಾಗೆ ನಡೀತು.

ಆಮೇಲೆ ಅಮ್ಮನ ವಿಚಾರ. ಅದನ್ನೂ ಅಷ್ಟೇ ನ್ಯಾಯವಾಗಿ ಮಾಡಿದ್ವಿ. ಯಲಹಂಕದಲ್ಲಿ ಅಣ್ಣನ ಮನೇಲಿ ನಾಲ್ಕು ತಿಂಗಳು, ಚಿಕ್ಕಲಸಂದ್ರದಲ್ಲಿ ನನ್ನ ಹತ್ತಿರ ನಾಲ್ಕು, ಮೈಸೂರಿನಲ್ಲಿ ತಮ್ಮನ ಮನೇಲಿ ನಾಲ್ಕು. 2007ರ ಹಿರಿಯ ನಾಗರಿಕರ ಕಾಯಿದೆ ನೋಡಿದರೂ ತಂದೆತಾಯಿ ಹೊಣೆ ಮಗನಿಗೊಂದೇ ಅಲ್ಲ, ಮಗಳಿಗೂ ಇದೆ. ಕಾಯಿದೆ ಹೇಳದಿದ್ದರೂ ನಾನು ಬಿಡ್ತಿರಲಿಲ್ಲ ಅನ್ನಿ. ಯಾರ ಮನೇಲೂ ಅಮ್ಮನಿಗೆ ಒಂದು ಮಾತಿನ ಕೊರತೆ ಆಗಿಲ್ಲ, ನಾದಿನಿಯರಿಬ್ಬರೂ ಚಿನ್ನದಂಥವರು.

ಆದ್ರೆ ನೋಡಿ, ನಾಲ್ಕು ತಿಂಗಳಿಗೊಮ್ಮೆ ಕಾರಿನ ಡಿಕ್ಕಿಯಲ್ಲಿ ಅದೇ ನೀಲಿ ಸೂಟ್‌ಕೇಸು, ಮಾತ್ರೆ ಡಬ್ಬಿ, ದೇವರ ಬುಟ್ಟಿ. ಮೂರು ಊರಲ್ಲಿ ಮೂರು ಡಾಕ್ಟರು. ಒಬ್ಬರು ಕೊಟ್ಟ ಬಿಪಿ ಮಾತ್ರೆಯನ್ನ ಇನ್ನೊಬ್ಬರು ಬದಲಾಯಿಸ್ತಾರೆ. ಪಿಂಚಣಿಗೆ ವರ್ಷಕ್ಕೊಮ್ಮೆ ಕೊಡೋ ಲೈಫ್ ಸರ್ಟಿಫಿಕೇಟ್ ಹೊತ್ತಿಗೆ ಪಾಸ್‌ಬುಕ್ ಇನ್ನೊಬ್ಬರ ಮನೇಲಿ. ಆಧಾರ್ ಕಾರ್ಡಿನಲ್ಲಿ ಮಾತ್ರ ಇನ್ನೂ ಮಾರಿದ ಮನೆ ವಿಳಾಸ. ಅಮ್ಮ ಸೂಟ್‌ಕೇಸ್ ಪೂರ್ತಿ ಖಾಲಿ ಮಾಡ್ತಾನೇ ಇರಲಿಲ್ಲ. ಬೀರುವಿನಲ್ಲಿ ಎರಡು ಅರೆ ಬಿಟ್ಟು ಕೊಟ್ಟಿದ್ದೆ, ಒಂದರಲ್ಲಿ ನಾಲ್ಕು ಸೀರೆ ಇಟ್ಟು "ಸಾಕು, ಮತ್ತೆ ಮಡಚೋದು ಯಾರು" ಅಂತಿದ್ದಳು. ಕೆಳಗೆ ಹೂವಿನ ಗಾಡಿ ಹತ್ತಿರ ಹೋದರೆ ಎಲ್ಲರೂ ಪ್ರೀತಿಯಿಂದಲೇ ಕೇಳೋರು, "ಯಾವಾಗ ಬಂದ್ರಿ? ಎಷ್ಟು ದಿನ ಇರ್ತೀರಾ?" ಅಂತ. ಅಮ್ಮ ತಿಂಗಳು ಎಣಿಸಿ ಉತ್ತರ ಕೊಡೋಳು.

ಈ ಸಲ ಯುಗಾದಿ ಆದ ಮೇಲೆ ಮೈಸೂರಿಗೆ ಹೊರಡೋ ಸರದಿ. ತಮ್ಮ ಫೋನ್ ಮಾಡಿ "ಭಾನುವಾರ ಬಂದು ಅಮ್ಮನ್ನ ಶಿಫ್ಟ್ ಮಾಡ್ಕೋತೀನಿ" ಅಂದ. ಸ್ಪೀಕರ್ ಹಾಕಿತ್ತು. ಅಮ್ಮ ಹುರುಳಿಕಾಯಿ ನಾರು ತೆಗೀತಾ ಕೂತಿದ್ದವಳು ತಲೆ ಎತ್ತದೆ ಅಂದಳು, "ನಿಮ್ಮಪ್ಪನ ಕಾರ್ಖಾನೇಲಿ ಲೇತು ಇದ್ದ ಕಡೇನೇ ಇರ್ತಿತ್ತು ಕಣೋ. ಜನ ಶಿಫ್ಟ್ ಬದಲಾಯಿಸ್ತಿದ್ರು. ನೀವು ಲೇತನ್ನೇ ಹೊತ್ಕೊಂಡು ಮನೆಮನೆ ತಿರುಗ್ತೀರಲ್ಲ."

ಸಿಟ್ಟಿನಿಂದ ಹೇಳಿದ್ದಲ್ಲ. ಕಾಯಿ ಬಿಡಿಸೋದನ್ನೂ ನಿಲ್ಲಿಸಲಿಲ್ಲ. ಆ ಕಡೆಯಿಂದ ತಮ್ಮ ಸುಮಾರು ಹೊತ್ತು ಮಾತೇ ಆಡಲಿಲ್ಲ.

ಅವತ್ತು ರಾತ್ರಿ ನಾನು ಈ ಪದದ ಹಿಂದೆ ಬಿದ್ದಿದ್ದು. ಹಂಚೋದು, ಪಾಳಿ, ಸಾಗಿಸೋದು, ಬದಲು ಬಟ್ಟೆ, ಹೇಗೋ ಸುಧಾರಿಸೋದು, ಪುಟದ ಮೇಲಿದ್ದ ಅಷ್ಟೂ ಅರ್ಥ ಆ ನೀಲಿ ಸೂಟ್‌ಕೇಸಿನಲ್ಲಿ ಇತ್ತು. ಅಮ್ಮ ಹೇಳಿದ್ದು ಮಾತ್ರ ಪುಸ್ತಕದಲ್ಲಿರಲಿಲ್ಲ. ಹಂಚಬೇಕಾಗಿದ್ದು ದಿನಗಳನ್ನ. ಕಾರ್ಖಾನೆಯ ಅರ್ಥದ ಶಿಫ್ಟ್ ಬೇಕು ಅಂತ ಅವಳು ಕೇಳ್ತಿದ್ದಾಳೆ, ನಾವು ಟೆಂಪೋ ಅರ್ಥದ್ದು ಕೊಡ್ತಿದ್ವಿ.

ಮಾತುಕತೆ ಒಂದೇ ದಿನಕ್ಕೆ ಮುಗೀಲಿಲ್ಲ. ಅಣ್ಣನಿಗೆ ಜನ ಏನಂದ್ಕೋತಾರೆ ಅನ್ನೋ ಚಿಂತೆ, ಮೂರು ಮಕ್ಕಳಿದ್ದೂ ತಾಯಿ ಬಾಡಿಗೆ ಮನೇಲಿ ಅಂತ. ತಮ್ಮನಿಗೆ ತನ್ನ ಪಾಲಿಗೆ ಅಮ್ಮ ಸಿಗಲ್ಲ ಅನ್ನೋ ಬೇಜಾರು, ಅದು ನಿಜವಾದ ಬೇಜಾರೇ. ನಾಳೆ ಅಮ್ಮ ಹಾಸಿಗೆ ಹಿಡಿದರೆ ಈ ಲೆಕ್ಕ ನಡೆಯಲ್ಲ ಅಂತ ನಾದಿನಿ ಕೇಳಿದ್ದಕ್ಕೆ ಇನ್ನೂ ನಮ್ಮಲ್ಲಿ ಉತ್ತರ ಇಲ್ಲ. ಎಲ್ಲ ಸುಮ್ಮನಾದ ಮೇಲೆ ಅಮ್ಮನೇ ಕೇಳಿದಳು, "ನನ್ನ ದುಡ್ಡಿನ ಬಡ್ಡಿ ಎಷ್ಟು ಬರುತ್ತೆ?" ಅಂತ. ಲೆಕ್ಕ ಹಾಕಿದರೆ ಬಾಡಿಗೆ ಕಳೆದು ಹಗಲು ಜೊತೆಗಿರೋ ಹೆಂಗಸಿನ ಸಂಬಳಕ್ಕೂ ಮುಕ್ಕಾಲು ಭಾಗ ಸಾಕಾಗುತ್ತೆ. ಉಳಿದಿದ್ದು ನಾವು ಮೂವರು.

ನಮ್ಮ ಮನೆಯಿಂದ ಎರಡು ಮನೆ ಆಚೆ, ನೆಲಮಾಳಿಗೆಯಲ್ಲ, ರಸ್ತೆ ಮಟ್ಟದ್ದು, ಒಂದು ರೂಮು, ಅಡುಗೆಮನೆ, ಮುಂದೆ ಒಂದು ಚಾಪೆಯಷ್ಟು ಜಗಲಿ. ವೈಶಾಖದಲ್ಲಿ ಹಾಲು ಉಕ್ಕಿಸಿದ್ವಿ. ಮೊದಲು ಒಳಗೆ ಹೋಗಿದ್ದು ಉಪ್ಪು, ಅರಿಶಿನ ಕುಂಕುಮ, ದೇವರ ಬುಟ್ಟಿ. ಅಮ್ಮ ತಾನೇ ಬಾಗಿಲಿಗೆ ನೀರು ಹಾಕಿ ಎಳೆ ಕೋಲ ಬಿಟ್ಟಳು, ಬಗ್ಗೋಕೆ ಆಗಲ್ಲ ಅಂತ ಸ್ಟೂಲ್ ಮೇಲೆ ಕೂತು. ನಾಲ್ಕನೇ ದಿನ ಸೂಟ್‌ಕೇಸ್ ಅಟ್ಟದ ಮೇಲೆ ಹೋಯ್ತು, ಖಾಲಿಯಾಗಿ. ಆಧಾರಿಗೆ ಹೊಸ ವಿಳಾಸ ಕೊಟ್ಟಾಗಿದೆ.

ಕ್ಯಾಲೆಂಡರಿನ ಹಿಂದೆ ಅಣ್ಣ ಸ್ಕೇಲ್ ಇಟ್ಟು ಗೆರೆ ಎಳೆದು ಡ್ಯೂಟಿ ಚಾರ್ಟ್ ಬರೆದಿದ್ದಾನೆ, ಅಪ್ಪನ ಮಗ ತಾನೆ. ಸೋಮವಾರ ಮಂಗಳವಾರ ರಾತ್ರಿ ಅವನದು. ರಿಟೈರ್ ಆಗಿದಾನೆ, ಯಲಹಂಕದಿಂದ ಎರಡು ಬಸ್ ಬದಲಾಯಿಸಿ ಬರ್ತಾನೆ. ಬುಧ ಗುರು ನನ್ನದು. ಶುಕ್ರವಾರ ರಾತ್ರಿಯಿಂದ ಭಾನುವಾರ ಸಂಜೆ ತನಕ ತಮ್ಮನದು, ಅವನಿಗಾಗದ ವಾರ ಜೆಪಿ ನಗರದ ಪಿಜಿಯಲ್ಲಿರೋ ಅವನ ಮಗಳದು. ಭಾನುವಾರ ರಾತ್ರಿ ಯಾರದು ಅನ್ನೋದು ಇನ್ನೂ ತಕರಾರಿನಲ್ಲಿದೆ, ಸದ್ಯಕ್ಕೆ ನಾನೇ ಹೋಗಿ ಮಲಗ್ತೀನಿ. ಅಣ್ಣ ಬಂದು ಚೀಲ ಇಟ್ಟ ತಕ್ಷಣ ಅಮ್ಮ ಗಡಿಯಾರ ನೋಡಿ, "ಶಿಫ್ಟಿಗೆ ಹತ್ತು ನಿಮಿಷ ಲೇಟು" ಅಂತಾಳೆ. ಗಡಿಯಾರ ಎಚ್‌ಎಂಟಿಯದೇ. ಸರ್ಕಾರ 2016ರಲ್ಲಿ ಆ ವಾಚ್ ಕಂಪನಿ ಮುಚ್ಚೋ ತೀರ್ಮಾನ ಮಾಡಿತು, ಇದು ಮಾತ್ರ ದಿನಾ ಕೀ ಕೊಟ್ಟರೆ ನಡೀತಿದೆ.

ಅಕ್ಕಪಕ್ಕದವರಲ್ಲಿ ಒಂದು ಮಾತು ಕೇಳ್ಕೋತೀನಿ. ಹೂವಿನ ಗಾಡಿ ಹತ್ತಿರ ಅಮ್ಮ ಸಿಕ್ಕರೆ ಯಾವಾಗ ಬಂದ್ರಿ, ಎಷ್ಟು ದಿನ ಇರ್ತೀರಾ ಅಂತ ಇನ್ನು ಕೇಳಬೇಡಿ. ಅವಳ ಮನೆಗೇ ಬನ್ನಿ, ಸಂಜೆ ಐದರ ಮೇಲೆ ಬಾಗಿಲು ತೆಗೆದೇ ಇರುತ್ತೆ. ಅಮ್ಮನ ಕಾಫಿಗೆ ಸಕ್ಕರೆ ಬೇಡ, ಎಷ್ಟೇ ಕಣ್ಸನ್ನೆ ಮಾಡಿದ್ರೂ ಹಾಕಬೇಡಿ. ಗುರುವಾರ ಬಂದ್ರೆ ನನ್ನ ಪಾಳಿ, ಕೋಡುಬಳೆ ಸಿಗುತ್ತೆ. ಸೋಮವಾರ ಬಂದ್ರೆ ಅಣ್ಣನ ಪಾಳಿ, ಕಾಫಿ ನೀವೇ ಬೆರೆಸ್ಕೋಬೇಕು.